ರಾಯಚೂರಿನ ಬಿಸಿಲಿನಲ್ಲಿ ಒಂದು ಬಾಟಲಿ ಕೊಲ್ಯಾಜೆನ್

ಇಲಿಯ ಬಾಲದ ಸ್ನಾಯುರಜ್ಜುವಿನಿಂದ ತೆಗೆದ, ಒಂದನೆಯ ಬಗೆಯ ಕೊಲ್ಯಾಜೆನ್ ಎಂಬ ಪ್ರೋಟೀನ್, ಒಟ್ಟು 100 ಮಿ.ಗ್ರಾಂ., ಪ್ರತಿ ಮಿಲಿಲೀಟರಿಗೆ 3 ಮಿ.ಗ್ರಾಂ. ಪ್ರಮಾಣದಲ್ಲಿ 0.02 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿದ್ದು. ಜೊತೆಗೆ ಹತ್ತುಪಟ್ಟು ಸಾಂದ್ರತೆಯ ಪಿಬಿಎಸ್ ಬಫರಿನ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ಫಾಸ್ಫೇಟ್ ಉಪ್ಪುನೀರಿನ) ಚಿಕ್ಕ ಬಾಟಲಿ ಮತ್ತು ನಾಲ್ಕಾಗಿ ಮಡಚಿದ ಒಂದು ಸೂಚನಾ ಹಾಳೆ. ಪೆಟ್ಟಿಗೆಯಲ್ಲಿ ಬರುವುದು ಇಷ್ಟೇ, ಬೆಲೆ ಮಾತ್ರ ಐದಂಕಿಯದು. ರಾಯಚೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು, ಗಾಯಕ್ಕೆ ಹಚ್ಚುವ ಔಷಧವು ಕೊಲ್ಯಾಜೆನ್ ಜೆಲ್‌ನೊಳಗಿಂದ ಎಷ್ಟು ವೇಗವಾಗಿ ಹೊರಗೆ ಬರುತ್ತದೆ ಎಂದು ಅಳೆಯುವ ಸ್ನಾತಕೋತ್ತರ ವಿದ್ಯಾರ್ಥಿಗಳ ಕೆಲಸಕ್ಕಾಗಿ ಕಳೆದ ಒಂದು ವರ್ಷದಲ್ಲಿ ಇಂಥ ಬಾಟಲಿಗಳನ್ನು ಮೇ, ಆಗಸ್ಟ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ತರಿಸಿ ಬಳಸಿದ್ದೇನೆ. ಬಾಟಲಿಯೊಳಗಿನ ಸರಕಿಗೆ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಅಡ್ಡಿಯಿಲ್ಲ. ಸೂಚನಾ ಹಾಳೆಗೆ ಒಂದೂವರೆಗಿಂತ ಹೆಚ್ಚು ಕೊಡಲಾರೆ, ಏಕೆಂದರೆ ಅದು ನಮ್ಮಂಥ ಊರಿನ ಪ್ರಯೋಗಾಲಯವನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದಲ್ಲ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಮೊದಲ ಬಾಟಲಿ ಮೇ ತಿಂಗಳಲ್ಲಿ ಕೊರಿಯರ್ ಮೂಲಕ ಬಂದಿತು. ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗಿನ ಐಸ್ ಪ್ಯಾಕುಗಳು ಪೂರ್ತಿ ಕರಗಿ, ಮುಟ್ಟಿದರೆ ಬೆಚ್ಚಗಿದ್ದವು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಸರಕು, ನಲವತ್ತು ದಾಟುವ ಬಿಸಿಲಿನಲ್ಲಿ ಎರಡು ದಿನ ಯಾವ ಗೋದಾಮಿನಲ್ಲಿ, ಯಾವ ವ್ಯಾನಿನಲ್ಲಿ ಕುಳಿತಿತ್ತೋ. ಒಳ್ಳೆಯ ಕೊಲ್ಯಾಜೆನ್ ದ್ರಾವಣವನ್ನು ಗುರುತಿಸಲು ಉಪಕರಣವೇನೂ ಬೇಕಾಗಿಲ್ಲ. ಪಿಪೆಟ್ಟಿನ ತುದಿಯನ್ನು ಅದ್ದಿ ಮೇಲಕ್ಕೆತ್ತಿದರೆ, ಪಾಕ ಎಳೆಗೆ ಬಂದಾಗ ಸೌಟಿನಿಂದ ಇಳಿಯುವ ಹಾಗೆ, ತೆಳ್ಳನೆಯ ಎಳೆಯೊಂದು ಕಡಿಯದೆ ಇಳಿಯುತ್ತದೆ. ನಮ್ಮ ಬಾಟಲಿಯಿಂದ ಅಂಥ ಎಳೆ ಬರಲಿಲ್ಲ, ನೀರಿನ ಹಾಗೆ ಹನಿ ಬಿದ್ದಿತು. ಹಾಳೆಯಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೂ ಜೆಲ್ ಕಟ್ಟಲಿಲ್ಲ, ಕೊಳವೆಯನ್ನು ಬಾಗಿಸಿದೊಡನೆ ದ್ರಾವಣ ಹರಿದು ಬಂದಿತು. ಮಾರಾಟಗಾರರು ಫೋಟೊಗಳನ್ನು ಕೇಳಿ ಪಡೆದು, ಹೆಚ್ಚು ವಾದಿಸದೆ ಬೇರೆ ಬಾಟಲಿಯನ್ನು ಕಳುಹಿಸಿದರು ಎಂಬುದನ್ನು ನ್ಯಾಯವಾಗಿ ಇಲ್ಲಿ ದಾಖಲಿಸಬೇಕು.

ಆ ಹಾಳಾದ ಬಾಟಲಿಯೊಳಗೆ ಆಗಿದ್ದೇನು ಎಂಬುದಕ್ಕೆ ಉತ್ತರದ ಎಳೆ ಸಿಕ್ಕಿದ್ದು, ಬದಲಿಗೆ ಬಂದ ಬಾಟಲಿಯಿಂದ ಮೊದಲ ಜೆಲ್ ಕಟ್ಟಿದ ದಿನ ನಮ್ಮ ಅಟೆಂಡರ್ ಆಡಿದ ಮಾತಿನಿಂದ. ಕೊಳವೆಯನ್ನು ತಲೆಕೆಳಗು ಮಾಡಿ ನೋಡುತ್ತ ಅವರು, ‘ಮೇಡಂ, ಮನ್ಯಾಗ ಕಾಲ್ ಸೂಪ್ ಮಾಡಿಟ್ರ ಆರಿದ್ ಮ್ಯಾಲ ಗಟ್ಟಿ ಆಗ್ತದ. ಇದು ನೋಡ್ರಿ, ಬೆಚ್ಚಗಾದ್ರ ಗಟ್ಟಿ ಆಗ್ಲಾಕತ್ತದ. ಉಲ್ಟಾನೇ ಅದ ಅಲ್ರೀ?’ ಎಂದರು. ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿತ್ತು. ಕೊಲ್ಯಾಜೆನ್ ಅಣುವೆಂದರೆ ಮೂರು ಎಳೆಗಳನ್ನು ಹೊಸೆದು ಮಾಡಿದ ಹುರಿ: ಸುಮಾರು 300 ನ್ಯಾನೊಮೀಟರ್ ಉದ್ದ, ಒಂದೂವರೆ ನ್ಯಾನೊಮೀಟರ್ ದಪ್ಪ. ಈ ಮೂರೆಳೆ ರಚನೆಯನ್ನು 1954–55ರಲ್ಲಿ ಮದ್ರಾಸಿನಲ್ಲಿ ಮುಂದಿಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಕಾಲು ಸೂಪನ್ನು ಗಂಟೆಗಟ್ಟಲೆ ಕುದಿಸಿದಾಗ ಈ ಹುರಿ ಬಿಚ್ಚಿ ಎಳೆಗಳು ಬೇರೆಯಾಗುತ್ತವೆ. ಅದೇ ಜೆಲಟಿನ್, ಅದು ತಣ್ಣಗಾದಾಗ ಗಟ್ಟಿಯಾಗುತ್ತದೆ. ಹುರಿ ಬಿಚ್ಚದ ಕೊಲ್ಯಾಜೆನ್ ನಡೆಯುವ ದಾರಿ ಬೇರೆ. ಆಮ್ಲದಲ್ಲಿ ಅಣುಗಳೆಲ್ಲ ಧನ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಆಮ್ಲವನ್ನು ತಟಸ್ಥಗೊಳಿಸಿ ಬೆಚ್ಚಗೆ ಮಾಡಿದರೆ, ಅಣುಗಳ ಮೈಗೆ ಅಂಟಿಕೊಂಡಿದ್ದ ನೀರು ಕಳಚಿಕೊಂಡು ಅವು ಪಕ್ಕಪಕ್ಕಕ್ಕೆ ಸರಿದು, 67 ನ್ಯಾನೊಮೀಟರಿಗೊಂದು ಪಟ್ಟೆ ಕಾಣುವ ದಪ್ಪ ಎಳೆಗಳಾಗಿ ಹೆಣೆದುಕೊಳ್ಳುತ್ತವೆ. ಆ ಹೆಣಿಗೆಯೊಳಗೆ ನೀರು ಸಿಕ್ಕಿಬಿದ್ದು ನಿಂತದ್ದೇ ನಮ್ಮ ಜೆಲ್. ದ್ರಾವಣದಲ್ಲಿ ಒಂಟಿಯಾಗಿರುವ ಅಣುವಾದರೋ ದೇಹದ ಉಷ್ಣತೆಯ ಆಸುಪಾಸಿನಲ್ಲೇ ಹುರಿ ಬಿಚ್ಚತೊಡಗುತ್ತದೆ, ಎಳೆಯಾಗಿ ಕಟ್ಟಿಕೊಂಡ ಮೇಲೆಯೇ ಅದಕ್ಕೆ ಹೆಚ್ಚಿನ ಬಿಸಿಯನ್ನು ತಡೆಯುವ ಶಕ್ತಿ ಬರುವುದು. ಹಾಗಾಗಿ ಮೇ ತಿಂಗಳ ವ್ಯಾನಿನಲ್ಲಿ ಆಮ್ಲದೊಳಗೆ ಒಂಟಿಯಾಗಿ ಕುಳಿತಿದ್ದ ನಮ್ಮ ಕೊಲ್ಯಾಜೆನ್, ನಮ್ಮ ಕೈಗೆ ಬರುವಷ್ಟರಲ್ಲಿ ಕಾಲು ಸೂಪಿನ ದಾರಿ ಹಿಡಿದಿತ್ತು ಎಂದೇ ನನ್ನ ತೀರ್ಮಾನ.

ಈಗ ಸೂಚನಾ ಹಾಳೆಯ ವಿಷಯ. ಅದರ ವಿಧಾನದಲ್ಲಿ ತಪ್ಪಿಲ್ಲ. ಪಿಬಿಎಸ್, ನೀರು ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಮೂರನ್ನೂ ಮೊದಲು ಮಂಜುಗಡ್ಡೆಯ ಮೇಲೆ ಬೆರೆಸಿಟ್ಟುಕೊಂಡು, ಕೊಲ್ಯಾಜೆನ್ನನ್ನು ಕೊನೆಯಲ್ಲಿ ಸೇರಿಸಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಬೇಕು ಎನ್ನುತ್ತದೆ. ಈ ಕ್ರಮಕ್ಕೆ ಅರ್ಥವಿದೆ, ಅಂಟಂಟಾದ ಕೊಲ್ಯಾಜೆನ್ನಿಗೆ ನೇರವಾಗಿ ಕ್ಷಾರದ ಹನಿ ಬಿಟ್ಟರೆ ಹನಿ ಬಿದ್ದ ಜಾಗದಲ್ಲೇ ಗಂಟು ಕಟ್ಟುತ್ತದೆ. ಪ್ರತಿ ಮಿಲಿಲೀಟರ್ ಕೊಲ್ಯಾಜೆನ್ನಿಗೆ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 23 ಮೈಕ್ರೋಲೀಟರ್ ಎಂದು ಲೆಕ್ಕವನ್ನೂ ಕೊಟ್ಟಿದ್ದಾರೆ. ಆ 23 ಎಲ್ಲಿಂದ ಬಂತು ಎಂಬುದನ್ನು ಮಾತ್ರ ಹೇಳಿಲ್ಲ, ನಮ್ಮನ್ನು ಬೀಳಿಸಿದ್ದು ಅದೇ. ಒಂದು ಮಿಲಿಲೀಟರ್ ದ್ರಾವಣದಲ್ಲಿರುವ ಅಸಿಟಿಕ್ ಆಮ್ಲ 20 ಮೈಕ್ರೋಮೋಲ್, 23 ಮೈಕ್ರೋಲೀಟರಿನಲ್ಲಿರುವ ಕ್ಷಾರ 23 ಮೈಕ್ರೋಮೋಲ್. ಅಂದರೆ ಆಮ್ಲವನ್ನು ಕೊಂದು ಬಫರನ್ನು ಅದರ ಸ್ಥಾನಕ್ಕೆ ತರಲು ಮೂರೇ ಮೈಕ್ರೋಮೋಲ್ ಹೆಚ್ಚುವರಿ ಇದೆ. ನಮ್ಮ ಕಪಾಟಿನಲ್ಲಿದ್ದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ತಿಂಗಳುಗಟ್ಟಲೆ ಹಳೆಯದು, ದಿನಕ್ಕೆ ಹತ್ತು ಸಲ ಮುಚ್ಚಳ ತೆರೆದು ಮುಚ್ಚಿದ್ದು. ಕ್ಷಾರವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಾರ್ಬೊನೇಟಾಗಿ ದುರ್ಬಲವಾಗುತ್ತದೆ ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಆದರೆ ಟೈಟ್ರೇಷನ್ ಮಾಡುವಾಗ ನೆನಪಿಗೆ ಬರುವ ಪಾಠ ಇಲ್ಲಿ ಯಾರಿಗೂ, ನನ್ನನ್ನೂ ಸೇರಿಸಿ, ನೆನಪಾಗಲಿಲ್ಲ. ಹೆಚ್ಚುವರಿ ಅಷ್ಟು ತೆಳುವಾಗಿರುವಾಗ ಕ್ಷಾರ ಸ್ವಲ್ಪ ಸೊರಗಿದರೂ, ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಬೇಕಾದ 7.4ಕ್ಕೆ ಏರದೆ ಏಳಕ್ಕಿಂತ ಕೆಳಗೇ ನಿಲ್ಲುತ್ತದೆ. ಒಂದು ವಾರ ನಮಗೆ ಸಿಕ್ಕಿದ್ದೆಲ್ಲ ಚಮಚದಿಂದ ಮುಟ್ಟಿದರೆ ಕುಸಿಯುವ ಜೆಲ್. ಹೊಸದಾಗಿ ಮಾಡಿದ ಕ್ಷಾರ ಬಳಸಿದ ದಿನವೇ ಅದು ಸರಿಹೋಯಿತು.

ಅಂದಿನಿಂದ ನಾವು 23 ಎಂಬ ಅಂಕಿಯನ್ನು ನಂಬುವುದನ್ನು ಬಿಟ್ಟು ಬಣ್ಣವನ್ನು ನಂಬಿದ್ದೇವೆ. ಮಿಶ್ರಣಕ್ಕೆ ಚೂರು ಫಿನಾಲ್ ರೆಡ್ ಹಾಕಿದರೆ ಆಮ್ಲವಿದ್ದಾಗ ಹಳದಿ, 7.4ರ ಸುಮಾರಿಗೆ ಕೆಂಪು, ಕ್ಷಾರ ಮೀರಿದರೆ ನೇರಳೆ ಮಿಶ್ರಿತ ಗುಲಾಬಿ. ಪಿಎಚ್ ಮೀಟರಿನ ಗಾಜಿನ ತುದಿಗೆ ಕೊಲ್ಯಾಜೆನ್ ಅಂಟಿಕೊಂಡು ಗಟ್ಟಿಯಾದರೆ ತೊಳೆಯುವವರ ಪಾಡು ಯಾರಿಗೂ ಬೇಡ. ಕಣ್ಣಿನ ಅಂದಾಜೇ ವಾಸಿ, ಅನುಮಾನ ಬಂದರೆ ಪಿಎಚ್ ಕಾಗದದ ಮೇಲೆ ಒಂದು ಹನಿ. ಪೆಟ್ಟಿಗೆಯ ಜೊತೆ ಬಂದ ಪಿಬಿಎಸ್ ಬಗ್ಗೆಯೂ ಒಂದು ಎಚ್ಚರಿಕೆ: ಹತ್ತುಪಟ್ಟು ಸಾಂದ್ರತೆಯಲ್ಲಿ ಅಳೆದರೆ ಅದರ ಪಿಎಚ್ ಏಳಕ್ಕಿಂತ ಕೆಳಗೆ ಕಾಣುತ್ತದೆ, ನೀರು ಬೆರೆತು ಒಂದುಪಟ್ಟಾದಾಗಲೇ 7.4ಕ್ಕೆ ಬರುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ‘ಬಫರ್ ಸರಿಯಿಲ್ಲ’ ಎಂದು ಅದನ್ನು ಸಾಂದ್ರ ಸ್ಥಿತಿಯಲ್ಲಿಯೇ 7.4ಕ್ಕೆ ತಿದ್ದಿ, ಮೂರು ದಿನ ಗುಲಾಬಿ ಬಣ್ಣದ ಮಿಶ್ರಣಗಳನ್ನು ಮಾಡಿದಳು. ತಪ್ಪು ಅವಳದೆಂದು ನಾನು ಹೇಳಲಾರೆ, ಹಾಳೆಯಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಾಗುತ್ತಿತ್ತು.

ಹಾಳೆಯ ಬಗ್ಗೆ ನನ್ನ ದೊಡ್ಡ ತಕರಾರು ಉಷ್ಣತೆಗೆ ಸಂಬಂಧಿಸಿದ್ದು. ‘ಕೋಣೆಯ ಉಷ್ಣತೆಯಲ್ಲಿ ಅಚ್ಚಿಗೆ ಸುರಿಯಿರಿ’ ಎಂದು ಅದರಲ್ಲಿ ಎರಡು ಕಡೆ ಬರೆದಿದೆ. ಯಾರ ಕೋಣೆ? ಬರೆದವರ ಕೋಣೆ ಬಹುಶಃ ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯದು. ಮೇ ತಿಂಗಳ ಮಧ್ಯಾಹ್ನ ನಮ್ಮ ಪ್ರಯೋಗಾಲಯದ ಗೋಡೆಯ ಥರ್ಮಾಮೀಟರು ಮೂವತ್ತಾರನ್ನು ತೋರಿಸುತ್ತಿತ್ತು. ಅದು ಜೆಲ್ ಕಟ್ಟಲು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನ ಉಷ್ಣತೆಗೆ ಒಂದೇ ಡಿಗ್ರಿ ಕಡಿಮೆ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಪಕ್ಕದಲ್ಲೇ ಇದ್ದರೂ ನಮಗೆ ಕರೆಂಟ್ ಹೋಗುವುದು ತಪ್ಪಿಲ್ಲ, ಆದರೆ ಆ ತಿಂಗಳು ಕರೆಂಟ್ ಹೋದರೂ ಇನ್‌ಕ್ಯುಬೇಟರ್ ತಣ್ಣಗಾಗುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. ತಟಸ್ಥಗೊಳಿಸಿದ ಮಿಶ್ರಣ ಮಂಜುಗಡ್ಡೆಯ ಮೇಲಿರುವಾಗ ಸಾಕಷ್ಟು ಹೊತ್ತು ನೀರಾಗಿಯೇ ಇರುತ್ತದೆ. ಅದನ್ನು ಮೇಜಿನ ಮೇಲೆ ಬಿದ್ದಿದ್ದ ಬಿಸಿ ಪಿಪೆಟ್ ತುದಿಯಿಂದ ಎಳೆದು, ಬಿಸಿ ತಟ್ಟೆಯ ಇಪ್ಪತ್ತನಾಲ್ಕು ಕುಳಿಗಳಿಗೆ ಒಂದೊಂದಾಗಿ ಸುರಿಯುತ್ತ ಹೋದರೆ, ಹತ್ತನೆಯ ಕುಳಿಗೆ ಬರುವಷ್ಟರಲ್ಲಿ ತುದಿಯೊಳಗೆ ಬಿಳಿ ಮಬ್ಬು ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದಿನವು ಜೆಲ್ ಅಲ್ಲ, ಕಟ್ಟಿಕೊಳ್ಳುತ್ತಿರುವಾಗಲೇ ಪಿಪೆಟ್ಟು ಹರಿದು ಹಾಕಿದ ಹೆಣಿಗೆಯ ಚೂರುಗಳು. ನಾವು ಕಂಡುಕೊಂಡ ಉಪಾಯ ಬಹಳ ಸರಳ. ಐಸ್ ಫ್ಯಾಕ್ಟರಿಯಿಂದ ಮಂಜುಗಡ್ಡೆಯ ಹಲಗೆಯೊಂದನ್ನು ತಂದು, ಗೋಣಿ ಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದು, ಟ್ರೇಯಲ್ಲಿ ಹರಡಿ, ಕೊಳವೆ, ತಟ್ಟೆ, ತುದಿಗಳ ಡಬ್ಬ ಎಲ್ಲವನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿಗೆ ಸೇರಿಸಿ, ಬೆಳಿಗ್ಗೆ ಏಳು ಗಂಟೆಯೊಳಗೆ ಸುರಿದು ಮುಗಿಸುವುದು. ಫ್ರಿಜ್ಜಿನ ಹಿಂಬದಿಯ ಗೋಡೆಗೆ ತಾಗಿಸಿ ಬಾಟಲಿ ಇಡಬಾರದು, ಅಲ್ಲಿ ಅದು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಕೊಲ್ಯಾಜೆನ್ ಮತ್ತೆ ಮೊದಲಿನಂತಾಗುವುದಿಲ್ಲ.

ಉಷ್ಣತೆಯಿಂದ ಬದಲಾಗುವುದು ವೇಗ ಮಾತ್ರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ, ಜೆಲ್‌ನ ಜಾತಿಯೇ ಬದಲಾಗುತ್ತದೆ. ಡಿಸೆಂಬರಿನ ಬಾಟಲಿಯ ಒಂದು ಪಾಲನ್ನು ನಾವು ಮುಂಜಾನೆಯ ಇಪ್ಪತ್ತೆರಡು ಡಿಗ್ರಿಯಲ್ಲಿ ಮೇಜಿನ ಮೇಲೆಯೇ ಗಟ್ಟಿಯಾಗಲು ಬಿಟ್ಟು, ಇನ್ನೊಂದು ಪಾಲನ್ನು ಅದೇ ಹೊತ್ತಿಗೆ 37 ಡಿಗ್ರಿಗೆ ಇಟ್ಟೆವು. ಇನ್‌ಕ್ಯುಬೇಟರಿನದು ಬೇಗ ನಿಂತಿತು, ಬೆಳಕಿಗೆ ಹಿಡಿದರೆ ತಿಳಿ ಗಂಜಿಯ ಹಾಗೆ ಅರೆಪಾರದರ್ಶಕವಾಗಿ ಕಂಡಿತು. ಮೇಜಿನ ಮೇಲಿನದು ನಿಧಾನಕ್ಕೆ ನಿಂತು, ಹಾಲಿನಷ್ಟು ಬಿಳಿಯಾಯಿತು. ತಂಪಿನಲ್ಲಿ ಎಳೆಗಳು ಹುಟ್ಟುವುದು ಕಡಿಮೆ, ಹುಟ್ಟಿದವು ಬಿಡುವಾಗಿ ದಪ್ಪಗೆ ಬೆಳೆಯುತ್ತವೆ, ನಡುವಿನ ಕಿಂಡಿಗಳು ದೊಡ್ಡವಾಗುತ್ತವೆ. ದಪ್ಪ ಎಳೆ ಹೆಚ್ಚು ಬೆಳಕನ್ನು ಚೆದುರಿಸುವುದರಿಂದ ಆ ಬಿಳುಪು. ಬಿಸಿಯಲ್ಲಿ ಒಮ್ಮೆಗೇ ಅಸಂಖ್ಯ ಎಳೆಗಳು ಹುಟ್ಟಿ, ನವಿರಾದ ಒತ್ತೊತ್ತಿನ ಬಲೆಯಾಗುತ್ತದೆ. ಔಷಧ ಹೊರಬರುವ ವೇಗವನ್ನು ಅಳೆಯುವ ನಮಗೆ ಕಿಂಡಿಯ ಗಾತ್ರವೇ ಪ್ರಾಣ. ಮೇ ತಿಂಗಳ ಜೆಲ್‌ನ ಅಂಕಿಗಳನ್ನೂ ಡಿಸೆಂಬರಿನವನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ ಸರಾಸರಿ ತೆಗೆಯಲು ಹೊರಟಿದ್ದ ವಿದ್ಯಾರ್ಥಿಯನ್ನು ತಡೆಯಬೇಕಾಯಿತು. ಒಂದೇ ಸರಕು, ಒಂದೇ ಸಾಂದ್ರತೆಯೆಂದು ಲೇಬಲ್ ಹೇಳಿದರೂ ಅವೆರಡು ಬೇರೆ ಬೇರೆ ಪದಾರ್ಥಗಳು.

ಈ ಸಂಗತಿ ಹೊಸದೂ ಅಲ್ಲ. ಕೊಲ್ಯಾಜೆನ್ ದ್ರಾವಣವನ್ನು ಬೆಚ್ಚಗೆ ಮಾಡಿದಾಗ ಎಳೆ ಕಟ್ಟುವ ವೇಗವನ್ನು ಯಾವುದು ಹಿಡಿದಿಡುತ್ತದೆ ಎಂಬುದನ್ನು ಗ್ರಾಸ್ ಮತ್ತು ಕರ್ಕ್ 1958ರಲ್ಲಿಯೂ, ಉಷ್ಣತೆ, ಪಿಎಚ್ ಮತ್ತು ಉಪ್ಪಿನ ಪ್ರಮಾಣ ಬದಲಾದರೆ ಎಳೆ ಹೇಗೆ ಬದಲಾಗುತ್ತದೆ ಎಂಬುದನ್ನು ವುಡ್ ಮತ್ತು ಕೀಚ್ 1960ರಲ್ಲಿಯೂ ಪ್ರಕಟಿಸಿದ್ದಾರೆ. ಅವರು ಬಳಸಿದ ದಾರಿ ದ್ರಾವಣದ ಮೂಲಕ ಹಾಯುವ ಬೆಳಕನ್ನು ಅಳೆಯುವ, ನಮ್ಮ ಕಾಲೇಜಿನ ಹಳೆಯ ಸ್ಪೆಕ್ಟ್ರೋಫೋಟೋಮೀಟರಿಗೂ ದಕ್ಕುತ್ತದೆ. ತಂಪಾದ ಮಿಶ್ರಣವನ್ನು ಕ್ಯುವೆಟ್ ಎಂಬ ಅದರ ಚಿಕ್ಕ ಪಾತ್ರೆಗೆ ಸುರಿದು, ಬೆಚ್ಚಗಿಟ್ಟು, 400 ನ್ಯಾನೊಮೀಟರ್ ತರಂಗದ ಬೆಳಕಿನಲ್ಲಿ ನಿಮಿಷಕ್ಕೊಮ್ಮೆ ಮಬ್ಬನ್ನು ಓದಿಕೊಳ್ಳುವುದು. ಮೊದಮೊದಲು ಅಂಕಿ ಅಲ್ಲಾಡುವುದಿಲ್ಲ, ಏನೂ ಆಗುತ್ತಿಲ್ಲವೆಂದು ವಿದ್ಯಾರ್ಥಿಗಳು ಚಹಾಕ್ಕೆ ಎದ್ದು ಹೋಗುವುದು ಈ ಹೊತ್ತಿನಲ್ಲೇ. ಒಳಗೆ ಆಗ ಎಳೆಗಳ ಮೊಳಕೆ ಒಡೆಯುತ್ತಿರುತ್ತದೆ. ಆಮೇಲೆ ಅಂಕಿ ಒಮ್ಮೆಗೇ ಏರಿ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹೊಸ ಬಾಟಲಿ ಬಂದೊಡನೆ ಈ ಒಂದು ಗೆರೆಯನ್ನು ಎಳೆದಿಟ್ಟುಕೊಂಡರೆ ಸರಕು ಸರಿಯಿದೆಯೇ, ಕ್ಷಾರ ಸರಿಯಿದೆಯೇ, ಕಾದ ಮೇಲೆ ಎಷ್ಟು ನಿಮಿಷಕ್ಕೆ ನಿಲ್ಲುತ್ತದೆ ಎಂಬ ಮೂರೂ ಒಂದು ಮಿಲಿಲೀಟರಿನ ಖರ್ಚಿನಲ್ಲಿ ತಿಳಿಯುತ್ತವೆ. ಇಷ್ಟು ಬೆಲೆಯ ಬಾಟಲಿಯ ಹಾಳೆಯಲ್ಲಿ ಅಂಥ ಗೆರೆಯ ಚಿತ್ರ ಇಲ್ಲದಿರುವುದು, ಅದರ ಬದಲಿಗೆ ಕಂಪನಿಯ ಬೇರೆ ಸರಕುಗಳ ಜಾಹೀರಾತು ಇರುವುದು ನನಗೆ ಸೇರಲಿಲ್ಲ.

ನೀರು ಮತ್ತು ಉಪ್ಪಿನ ವಿಷಯದಲ್ಲಿ ತಪ್ಪು ಸರಕಿನದಲ್ಲ, ನಮ್ಮದು. ಬೋರ್‌ವೆಲ್ ನೀರಿನ ಗಡಸುತನಕ್ಕೆ ನಮ್ಮ ಬಟ್ಟಿ ಇಳಿಸುವ ಯಂತ್ರದ ಕಾಯಿಲಿನ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟಿ ಅದು ನಿಂತುಹೋಗಿದ್ದ ವಾರದಲ್ಲಿ, ಯಾರೋ ನಲ್ಲಿ ನೀರಿನಲ್ಲೇ ಪಿಬಿಎಸ್ ಕರಗಿಸಿದರು. ಕೊಲ್ಯಾಜೆನ್ ಸೇರಿಸುವ ಮೊದಲೇ ಬಫರ್ ಮಬ್ಬಾಯಿತು. ಅದು ನೀರಿನ ಕ್ಯಾಲ್ಸಿಯಂ ಬಫರಿನ ಫಾಸ್ಫೇಟನ್ನು ಹಿಡಿದು ಕೆಳಗಿಳಿಸಿದ್ದು. ಆ ಮಬ್ಬನ್ನು ಜೆಲ್ ಎಂದು ತಿಳಿದು ಸಂತೋಷಪಟ್ಟವರೂ ಇದ್ದರು. ಉಪ್ಪೇ ಬೇಡವೆಂದು ಬಟ್ಟಿ ನೀರು ಮತ್ತು ಕ್ಷಾರವನ್ನಷ್ಟೇ ಬಳಸಿದ ಇನ್ನೊಬ್ಬನಿಗೆ ಗಾಜಿನಂತೆ ತಿಳಿಯಾದ, ಅಲ್ಲಾಡಿಸಿದರೆ ನಡುಗುವ ಸಡಿಲ ಜೆಲ್ ಸಿಕ್ಕಿತು. ಉಪ್ಪು ತೀರಾ ಕಡಿಮೆಯಾದರೆ ಪಟ್ಟೆಯುಳ್ಳ ದಪ್ಪ ಎಳೆಗಳ ಬದಲು ನವಿರು ತಂತುಗಳಷ್ಟೇ ಆಗುತ್ತವೆ, ಮಿತಿಮೀರಿ ಹಾಕಿದರೆ ಕಟ್ಟುವುದೇ ತಡವಾಗುತ್ತದೆ.

ಫಾರ್ಮಸಿಯವರಿಗೆ ಮಾತ್ರ ಬರುವ ಒಂದು ರೋಗವನ್ನು ಇಲ್ಲಿ ಒಪ್ಪಿಕೊಳ್ಳಬೇಕು: ಯಾವ ಜೆಲ್ ಕಂಡರೂ ಒಣಗದಿರಲಿ ಎಂದು ಗ್ಲಿಸರಾಲ್ ಹಾಕುವ ಚಟ. ಕಾರ್ಬೊಪಾಲ್ ಎಂಬ ಕೃತಕ ಪಾಲಿಮರಿನ ಜೆಲ್‌ಗೆ ಹಾಕುವ ಹಾಗೆ ಇಲ್ಲಿಯೂ ಮೊದಲೇ ಗ್ಲಿಸರಾಲ್ ಬೆರೆಸಿದೆವು, ಸಂಜೆಯವರೆಗೂ ಕೊಳವೆಯಲ್ಲಿದ್ದದ್ದು ದ್ರಾವಣವೇ. ಗ್ಲಿಸರಾಲ್, ಸಾರ್ಬಿಟಾಲ್, ಗ್ಲೂಕೋಸ್‌ನಂಥ ಪದಾರ್ಥಗಳು ಅಣುಗಳ ನಡುವಿನ ನೀರಿನ ಕೊಂಡಿಗಳನ್ನು ಕೆಡಿಸಿ, ಎಳೆ ಕಟ್ಟುವುದನ್ನೇ ತಡೆಯುತ್ತವೆ. ಅರ್ಜಿನೈನ್ ಎಂಬ ಅಮೈನೊ ಆಮ್ಲ ಸಹ ಹಾಗೆಯೇ. ಈಗ ಜೆಲ್ ನಿಂತ ಮೇಲೆ ಅದನ್ನು ಗ್ಲಿಸರಾಲ್ ದ್ರಾವಣದಲ್ಲಿ ನೆನೆಸುತ್ತೇವೆ, ತೊಂದರೆಯಿಲ್ಲ.

ಸಾಂದ್ರತೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೊನೆಯಲ್ಲಿ 2 ಮಿ.ಗ್ರಾಂ. ಇರುವ ಒಂದು ಮಿಲಿಲೀಟರ್ ಬೇಕಾದರೆ ಕೊಲ್ಯಾಜೆನ್ 667, ಪಿಬಿಎಸ್ 100, ಕ್ಷಾರ 15, ನೀರು 218 ಮೈಕ್ರೋಲೀಟರ್. ಇದಕ್ಕಿಂತ ತೆಳುವಾದ ಜೆಲ್ ನಮ್ಮ ಕೈಯಲ್ಲಿ ಎತ್ತುವಾಗಲೇ ಹರಿಯಿತು. ಹೋಲಿಕೆಗೆಂದು, ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಬಳಸಿ ದನದ ಚರ್ಮದಿಂದ ತೆಗೆದ, ಬೇರೊಂದು ಕಡೆಯ ಕೊಲ್ಯಾಜೆನ್ನನ್ನೂ ಸ್ವಲ್ಪ ತರಿಸಿದ್ದೆವು. ಪೆಪ್ಸಿನ್ ಅಣುವಿನ ಎರಡೂ ತುದಿಯ ಜುಟ್ಟುಗಳನ್ನು ಕತ್ತರಿಸಿಬಿಡುವುದರಿಂದ, ಒಂದನ್ನೊಂದು ಗುರುತಿಸಿ ಕೂಡಿಕೊಳ್ಳುವುದು ಅಂಥ ಅಣುಗಳಿಗೆ ನಿಧಾನವಾಗುತ್ತದೆ. ನಮ್ಮಲ್ಲಿಯೂ ಅದು ಗಟ್ಟಿಯಾಗಲು ಹೆಚ್ಚು ಹೊತ್ತು ತೆಗೆದುಕೊಂಡಿತು. ಬೇಸಿಗೆಯಲ್ಲಿ ಸುರಿಯಲು ಪುರುಸೊತ್ತು ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ಮೆಚ್ಚಿಕೊಳ್ಳುವವರು ಇರಬಹುದು, ಗಟ್ಟಿತನ ಬೇಕಾದ ನನಗೆ ಇಲಿಯ ಬಾಲದ್ದೇ ಸರಿ.

ಆದ್ದರಿಂದ ಬಾಟಲಿಯನ್ನು ಕೊಳ್ಳಿ, ಪಿಬಿಎಸ್ ಜೊತೆಗಿಲ್ಲದ ಸಣ್ಣ ಪೊಟ್ಟಣ ಸಿಕ್ಕರೆ ಅದನ್ನೇ ಕೊಳ್ಳಿ, ಬಫರನ್ನು ಒಳ್ಳೆಯ ಬಟ್ಟಿ ನೀರಿನಲ್ಲಿ ನೀವೇ ಮಾಡಿಕೊಳ್ಳಬಹುದು. ಕ್ಷಾರವನ್ನು ಅಂದೇ ಮಾಡಿ. ಬಳ್ಳಾರಿ, ಕೊಪ್ಪಳ, ರಾಯಚೂರಿನವರು ಮಾರ್ಚ್‌ನಿಂದ ಜೂನ್‌ವರೆಗೆ ಕೊರಿಯರ್ ಮೂಲಕ ತರಿಸುವ ಸಾಹಸ ಮಾಡಬೇಡಿ. ಮಾರಾಟಗಾರರಿಗೆ ಫೋನ್ ಮಾಡಿದರೆ ಹೈದರಾಬಾದಿನಿಂದ ರಾತ್ರಿ ಬಸ್ಸಿಗೆ ಪೆಟ್ಟಿಗೆ ಹಾಕಿ ಕಳುಹಿಸಲು ಒಪ್ಪುತ್ತಾರೆ. ಡಿಸೆಂಬರಿನದನ್ನು ನಾನು ಹಾಗೆಯೇ ತರಿಸಿಕೊಂಡೆ. ಬೆಳಗಿನ ಜಾವ ಬಸ್ ನಿಲ್ದಾಣಕ್ಕೆ ಹೋದ ಅಟೆಂಡರ್ ಅಲ್ಲಿಯೇ ಪೆಟ್ಟಿಗೆ ಬಿಚ್ಚಿ ಕೈಯಿಟ್ಟು ನೋಡಿ, ‘ಐಸ್ ಇನ್ನೂ ಗಟ್ಟಿ ಅದ ಮೇಡಂ’ ಎಂದು ಫೋನ್ ಮಾಡಿದರು. ಆ ಬಾಟಲಿಯಿಂದ ಪಿಪೆಟ್ಟಿನ ತುದಿಗೆ ಬಂದ ಎಳೆ ಒಂದು ಗೇಣಿನವರೆಗೂ ಕಡಿಯಲಿಲ್ಲ.